ನನ್ನ ಪಾತ್ರೆ ಮತ್ತು ಸರ್ ಆಂಬ್ರೋಸರ ಪಾರ್ಲಿಮೆಂಟು

ನನ್ನ ಪಾತ್ರೆಯಲ್ಲಿ ಬೆಂದ ಒಂದೇ ಒಂದು ಟರ್ನಿಪ್ ಗೆಡ್ಡೆಯ ಆವಿ ಮೂರು ದಿನ ಸೂರ್ಯನನ್ನು ಮುಚ್ಚಿತ್ತು; ಆ ಆವಿಯ ಮೇಲೆ ಕೂತು ನಮ್ಮ ಧಣಿ ಸರ್ ಆಂಬ್ರೋಸ್ ವಿಂಡ್ರಷ್ ಲಂಡನ್ನಿನ ಪಾರ್ಲಿಮೆಂಟಿಗೆ ತೇಲಿಹೋದರು. ನಂಬದಿದ್ದರೆ ಬಿಡಿ, ನಷ್ಟ ನಿಮಗೇ.

ನಮ್ಮೂರಿನಲ್ಲಿ ಸ್ವಂತ ಒಲೆಯ ಮೇಲೆ ಸ್ವಂತ ಪಾತ್ರೆ ಕುದಿಸಿಕೊಳ್ಳುವ ಗಂಡಸಿಗೆ ಮಾತ್ರ ಓಟು. ಆ ಸಲದ ಚುನಾವಣೆಯಲ್ಲಿ ಧಣಿಗಳಿಗೂ ಅವರ ಎದುರಾಳಿಗೂ ತಲಾ ನಲವತ್ತೊಂದು ಬಿದ್ದು, ನನ್ನದೊಂದೇ ಉಳಿದಿತ್ತು. ಸಮವಾಗಿಯೇ ಉಳಿದರೆ ತೀರ್ಪು ಮೇಯರನದು. ಮೇಯರನೋ, ಎದುರಾಳಿಯ ಸೋದರಮಾವ. ಧಣಿಗಳ ಬಂಗಲೆಯ ಕಿಟಕಿಗೆ ನನ್ನ ಗುಡಿಸಲು ಕಣ್ಣಲ್ಲಿ ಬಿದ್ದ ಕಸ. ಅದನ್ನು ಕೆಡವಿ ಕೊಳ ತೋಡಿಸುವ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. "ಗೆಲ್ಸು ಗಿಡಿಯನ್, ಗುಡಿಸಲು ಮುಟ್ಟಲ್ಲ" ಎಂದು ಮಾತು ಕೊಟ್ಟಿದ್ದರು.

ಎದುರಾಳಿಯ ವಕೀಲ ಕ್ರಂಪ್ ಅಡ್ಡ ನಿಂತ. "ಇವನ ಒಲೆ ಉರಿದದ್ದನ್ನ ಯಾರೂ ಕಂಡಿಲ್ಲ. ಕುದಿಸಿ ತೋರಿಸ್ಲಿ."

"ನನ್ನ ಸಾರಿನ ವಾಸನೆಗೆ ಫ್ರಾನ್ಸಿನೋರು ಸಮುದ್ರ ಈಜ್ಕೊಂಡು ಬರ್ತಾರೆ, ಬಾರಯ್ಯ" ಎಂದೆ.

ಊರೆಲ್ಲ ಗುಡಿಸಲಿಗೆ ನುಗ್ಗಿತು. ಧಣಿಗಳೇ ಮುಂದೆ. ಮನೆಯಲ್ಲಿ ನಾನೂರು ಒಲೆಗಳಿದ್ದರೂ ಒಂದನ್ನೂ ಹತ್ತಿರದಿಂದ ನೋಡದ ಮನುಷ್ಯ, ರೇಷ್ಮೆ ಕೋಟಿನಲ್ಲೇ ಮಂಡಿಯೂರಿದರು.

"ಏನಯ್ಯಾ, ಗೆಡ್ಡೆ ಮೇಲಿಂದ ಬೇಯುತ್ತೋ ಕೆಳಗಿಂದ್ಲೋ?"

"ಮಧ್ಯದಿಂದ, ಧಣಿ."

"ಹೌದಾ! ಎಷ್ಟು ಹೊತ್ತು ಬೇಕು?"

"ಒಂದು ಸೀನು ಸೀನೋವಷ್ಟು."

ಹೆಂಗಸರು ಮುಸಿಮುಸಿ ನಕ್ಕರು. ಧಣಿಗಳು ಮಾತ್ರ ಗಂಭೀರವಾಗಿ ತಲೆದೂಗಿದರು. ನಾನು ಸೌದೆಗೆ ಬೆಂಕಿ ಇಟ್ಟೆ. ಹೊಗೆ ಮೇಲೆ ಹೋಗದೆ ನಮ್ಮ ಮುಖಕ್ಕೇ ತಿರುಗಿತು.

"ಇದ್ಯಾಕೆ ಈ ಕಡೆ ಬರ್ತಿದೆ?"

"ನಿಮಗೆ ನಮಸ್ಕಾರ ಹೇಳೋಕೆ, ಧಣಿ."

"ಇಲ್ಲ ಕಣಯ್ಯಾ, ಮೇಲೆ ಏನೋ ಸಿಕ್ಕೊಂಡಿದೆ. ತಡಿ, ನೋಡೇಬಿಡೋಣ."

ಬೇಡಿ ಎನ್ನುವಷ್ಟರಲ್ಲಿ ಬೆತ್ತವನ್ನು ಚಿಮಣಿಯೊಳಗೆ ತೂರಿಸಿ ತಿವಿದರು. ಮಳೆಗೆ ನೆಂದ ಕಡ್ಡಿ, ಮಸಿ, ಕುರಿಯುಣ್ಣೆ, ಗಾಡಿ ತುಂಬುವಷ್ಟು ದೊಡ್ಡ ಕಾಗೆಗೂಡೊಂದು ಧೊಪ್ಪನೆ ಬಿದ್ದು ಬೆಂಕಿ ಆರಿಹೋಯಿತು.

"ದಿನಾ ಒಲೆ ಹಚ್ಚೋನ ಚಿಮಣೀಲಿ ಕಾಗೆ ಸಂಸಾರ ಮಾಡುತ್ತೇನಪ್ಪಾ?" ಎಂದ ಕ್ರಂಪ್.

ಧಣಿಗಳು ವಿಗ್ಗಿನಿಂದ ಕಡ್ಡಿ ಕಿತ್ತು, ಬೆರಗಿನಿಂದ ತಿರುಗಿಸಿ ನೋಡಿದರು. "ಎಷ್ಟು ವರ್ಷದ ಗೂಡಯ್ಯಾ ಇದು?"

ಸುಳ್ಳಿಗೆಂದು ಬಾಯಿ ತೆರೆದೆ. ಮಸಿ ಒಳಗೆ ಹೋಯಿತು.

"ಮೂರು ವರ್ಷ, ಧಣಿ. ನನ್ನ ಊಟ ಅಕ್ಕ ಪ್ರೂಡೆನ್ಸ್ ಮನೇಲಿ. ನನಗೆ ನೀರು ಕಾಯ್ಸೋಕೂ ಬರಲ್ಲ."

ನನ್ನ ಓಟು ರದ್ದಾಯಿತು, ಮೇಯರ್ ತನ್ನ ಸೋದರಳಿಯನನ್ನೇ ಗೆಲ್ಲಿಸಿದ. ನಿಜ ಹೇಳುತ್ತೇನೆ: ಆವಿ ಏಳಲಿಲ್ಲ, ಗೆಡ್ಡೆ ಬೇಯಲಿಲ್ಲ, ಧಣಿಗಳು ಎಲ್ಲಿಗೂ ತೇಲಲಿಲ್ಲ. ನನ್ನ ಗುಡಿಸಲಿದ್ದ ಕಡೆ ಈಗ ಕೊಳವಿದೆ, ಅದೂ ಸಣ್ಣದೇ. ನಾನು ಅಕ್ಕನ ಅಡುಗೆಮನೆಯಲ್ಲಿ ಕೂತು ಗೆಡ್ಡೆ ಸುಲಿಯುತ್ತೇನೆ.