ಗಳಿಗೆಗೊಂದು ಸೆಳವು

೧೯೭೯ರ ಕಾರ್ತಿಕದಲ್ಲಿ ಬಾದಾಮಿಯಲ್ಲಿ ನಡೆದ ಗಣಿತಗೋಷ್ಠಿಯ ಮೊದಲ ದಿನವೇ ಶಿವಬಸವ್ವನ ಹಲವು ವರ್ಷಗಳ ದುಡಿಮೆ ನೆಲಕಚ್ಚಿತು. ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಆಕೆ ಡಾಕ್ಟರೇಟಿಗೆಂದು ಒಂದು ಪ್ರಮೇಯವನ್ನು ಕಟ್ಟಿದ್ದಳು. ಬಟ್ಟಲಿನೊಳಗಿನ ಬಿಂದುಗಳನ್ನೆಲ್ಲ ಹರಕಾಗದಂತೆ, ಮಡಿಕೆ ಬೀಳದಂತೆ ಮೆಲ್ಲಮೆಲ್ಲನೆ ಸರಿಸಿ ಹೊಸ ಜಾಗಕ್ಕೆ ಒಯ್ಯುವ, ಮರಳಿಯೂ ತರಬಲ್ಲ ನಯವಾದ ನಿಯಮ ಯಾವುದೇ ಇರಲಿ, ಒಂದು ಗಂಟೆಯಲ್ಲಿ ಅದೇ ಕೆಲಸವನ್ನು ಮಾಡಿ ಮುಗಿಸುವ ಸೆಳವೊಂದು ಉಂಟು, ಆ ಸೆಳವನ್ನು, ಯಾವ ಜಾಗದಲ್ಲಿ ಎಷ್ಟು ವೇಗವೆಂದು ಹೇಳುವ ಅವಕಲ ಸಮೀಕರಣವಾಗಿ ಬರೆಯಬಹುದು ಎಂಬುದು ಅದರ ಸಾರ.

ಅಧ್ಯಕ್ಷರಾಗಿದ್ದ ಈರಪ್ಪ ಮಾಸ್ತರರು ಆಕೆಯ ಗುರುಗಳೇ. ಶಿಷ್ಯೆಯೆಂದು ಕೈ ಸಡಿಲಿಸುವ ಜಾಯಮಾನ ಅವರದಲ್ಲ. ಎದ್ದು ಬಂದು ಹಲಗೆಯ ಮೇಲೆ ಸುತ್ತಿ ಬಂದು ಕೂಡುವ ಒಂದು ಸುಳಿ ಬರೆದು, ಅದರ ಗೆರೆಯ ಮೇಲೆ ಎದುರುಬದುರು ಎರಡು ಚುಕ್ಕೆಗಳನ್ನಿಟ್ಟರು.

“ನಿನ್ನ ನಿಯಮ ಈ ಎರಡನ್ನ ಅದಲುಬದಲು ಮಾಡ್ತದ ಅನ್ನೋಣು. ಎರಡು ತಾಸಿಗೆ ಎರಡೂ ಮನಿಗೆ ಬಂದ್ವು. ಹಂಗಿದ್ರ ಈ ಗೆರಿ ಮ್ಯಾಲಿನ ಎಲ್ಲಾ ಚುಕ್ಕಿನೂ ಅದ ದಾರಿ ಹಿಡದು ಮನಿಗೆ ಬರಬೇಕು. ಸುತ್ತಮುತ್ತ ಬ್ಯಾರೆ ಯಾವುದೂ ಮರಳದಂಥಾ ನಿಯಮನೂ ಅದಾವಲ್ಲ, ತಂಗಿ?”

ನಾಳೆಯೊಳಗೆ ಉತ್ತರ ಕೊಡು, ಇಲ್ಲವಾದರೆ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೋ ಎಂದು ಮಾಸ್ತರರು ಸಭೆಯ ಮುಂದೆಯೇ ಹೇಳಿದರು.

ಸಂಜೆಯ ಬಸ್ಸಿಗೆ ಆಕೆ ಪಟ್ಟದಕಲ್ಲಿನ ತವರಿಗೆ ಬಂದಳು. ತಾಯಿ ಚಂದವ್ವ ಮಲಪ್ರಭೆಗೆ ದೀಪ ಬಿಡಲು ಹೊರಟಿದ್ದಳು. ಎಲೆದೊನ್ನೆಯ ದೀಪ ಎಲ್ಲಿಗೆ ಹೋಗಿ ತಾಗುತ್ತದೆಂದು ಮೊದಲೇ ಹೇಳಿ ಬಿಡುವುದು ಅವರ ಓಣಿಯ ಹೆಣ್ಣುಮಕ್ಕಳ ಆಟ. ಆ ಆಟದಲ್ಲಿ ಶಿವಬಸವ್ವ ಸೋತವಳೇ ಅಲ್ಲ. ಅರಿವೆ ಒಗೆಯುವ ಕಲ್ಲೆಂದು ಹೇಳಿ ತಾಯಿ ಬಿಟ್ಟ ದೀಪ ನೆಟ್ಟಗೆ ಅಲ್ಲಿಗೇ ಹೋಯಿತು. ಮಗಳೂ ಅದನ್ನೇ ಹೇಳಿ, ತುಸು ಹೊತ್ತಿನ ಮೇಲೆ ಅದೇ ಮೆಟ್ಟಿಲಿನಿಂದ ಬಿಟ್ಟಳು. ಆ ದೀಪ ಕಲ್ಲಿನ ಕಡೆ ತಿರುಗದೆ ನಡುಹೊಳೆಯ ಬಂಡೆಗೆ ಹೋಗಿ ತಾಗಿತು.

“ಇಷ್ಟು ಸಾಲಿ ಕಲ್ತು ದೀಪ ಬಿಡೂದು ಮರತಿ ನೋಡು,” ಎಂದು ಚಂದವ್ವ ನಕ್ಕಳು.

ಶಿವಬಸವ್ವ ಕಾಲಬುಡ ನೋಡಿಕೊಂಡಳು. ನೀರು ಒಂದು ಮೆಟ್ಟಿಲು ಮೇಲೇರಿತ್ತು; ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಆಕೆ ಅಲ್ಲೇ ಕುಳಿತುಬಿಟ್ಟಳು. ಅಣೆಕಟ್ಟಿಲ್ಲದ ದಿನಗಳಲ್ಲಿ ಕಾರ್ತಿಕದ ಹೊಳೆ ಬೆಳಗಿನಿಂದ ಬೈಗಿನವರೆಗೆ ಒಂದೇ ಹದದಲ್ಲಿ ಹರಿಯುತ್ತಿತ್ತು. ಬಾಲ್ಯದ ಆ ಹೊಳೆಯೇ ಆಕೆಯ ಸಮೀಕರಣದೊಳಗೆ ಸೇರಿಕೊಂಡಿತ್ತು. ಸೆಳವು ಎಲ್ಲ ಗಳಿಗೆಯಲ್ಲೂ ಒಂದೇ ಆಗಿರಬೇಕೆಂದು ಬೇರೆ ಯಾರೂ ವಿಧಿಸಿರಲಿಲ್ಲ.

ಮರುದಿನ ಹಲಗೆಯ ಮೇಲೆ ಮಾಸ್ತರರ ಸುಳಿ ಹಾಗೆಯೇ ಇತ್ತು. ಶಿವಬಸವ್ವ ಅದರ ಪಕ್ಕದಲ್ಲಿ ಸಮೀಕರಣವನ್ನು ಬರೆದು ಅದರೊಳಕ್ಕೆ ಕಾಲವನ್ನೂ ಕರೆತಂದಳು. ನಿಯಮ ಮೆಲ್ಲಮೆಲ್ಲನೆ ಬೆಳೆಯುವಾಗ ಪ್ರತಿ ಗಳಿಗೆಯಲ್ಲಿ ಪ್ರತಿ ಬಿಂದುವಿಗೂ ಒಂದು ವೇಗವುಂಟು. ಆ ವೇಗಗಳೇ ಆ ಗಳಿಗೆಯ ಸೆಳವು. ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ದಾಟುವ ಚುಕ್ಕೆಗಳಿಗೆ ಬೇರೆ ಬೇರೆ ದಾರಿ. ಎರಡು ಮರಳಿದವೆಂದು ಉಳಿದವು ಮರಳಬೇಕಾಗಿಲ್ಲ.

“ನಡುವ ಎರಡು ಚುಕ್ಕಿ ಡಿಕ್ಕಿ ಹೊಡದ್ರ?” ಎಂದರು ಮಾಸ್ತರರು.

“ಹೊಡಿಯೂದಿಲ್ಲರಿ ಸರ್. ಯಾವ ಗಳಿಗ್ಯಾಗ ನಿಂತ್ರೂ ಅಲ್ಲಿಂದ ಹಿಂದಕ್ಕ ಮರಳಲಿಕ್ಕೆ ಬರತದ. ಎರಡು ಕೂಡಿಬಿಟ್ರ ಯಾವುದು ಎಲ್ಲಿಂದ ಬಂತಂತ ಹೆಂಗ ತಿಳೀಬೇಕ್ರಿ?”

ಮಾಸ್ತರರು ಎದ್ದು ಅರಿವೆ ತೆಗೆದುಕೊಂಡು ತಮ್ಮ ಸುಳಿಯನ್ನು ತಾವೇ ಒರೆಸಿದರು.

“ಸುಳಿಯೊಳಗ ದೂಡಿದಾಂವ ನಾನ. ಈಜಿ ದಂಡಿ ಮುಟ್ಟಿದಾಕಿ ನೀ. ಪ್ರಬಂಧ ಕಳಸು.”

ಚಪ್ಪಾಳೆ ಅಂಗಳದವರೆಗೂ ಕೇಳಿಸಿತು.

ಆ ಸಂಜೆ ಶಿವಬಸವ್ವ ಮತ್ತೆ ಹೊಳೆಗಿಳಿದಳು. ನೀರು ಯಾವ ಮೆಟ್ಟಿಲಿಗೆ ಬಂದಿದೆಯೆಂದು ಮೊದಲು ನೋಡಿ, ನಡುಹೊಳೆಯ ಬಂಡೆ ಎಂದು ತಾಯಿಗೆ ಕೇಳುವಂತೆ ಹೇಳಿ ದೀಪ ಬಿಟ್ಟಳು. ದೀಪ ಅಲ್ಲಿಗೇ ಹೋಗಿ ತಾಗಿತು.