ಮಗಳಿಗೂ ಇಷ್ಟವಾದ ಹಾಡು

ಭಾವ ತಾನು ತಂದಿದ್ದ ಸಿ.ಡಿ.ಯನ್ನು ಇನ್ನೇನು ಯಂತ್ರದೊಳಗೆ ತಳ್ಳಬೇಕು, ಅಷ್ಟರಲ್ಲಿ ಮಗಳು ಅವನ ಮಣಿಕಟ್ಟು ಹಿಡಿದಳು.

"ಅದಲ್ಲ ಭಾವ. ಅಪ್ಪ ಕೇಳ್ತಿದ್ದದ್ದು ಇವು," ಎಂದು ಕೈಚೀಲದಿಂದ ನಾಲ್ಕು ಸಿ.ಡಿ. ತೆಗೆದು ಮೇಜಿನ ಮೇಲಿಟ್ಟಳು.

ಅಪ್ಪ ಪಕ್ಕದಲ್ಲೇ ಪೆಟ್ಟಿಗೆಯಲ್ಲಿ ಮಲಗಿದ್ದರು. ಚಿತಾಗಾರದ ಈ ಸಭಾಂಗಣ ಅವರ ಪಾಲಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಕಾವಲಿನವನು ಐವತ್ತು ಕುರ್ಚಿ ಹಾಕಿದ್ದ. ಬಂದವರು ಒಂಬತ್ತು ಮಂದಿ.

ಭಾವ ಎಂದರೆ ಅತ್ತೆಯ ಮಗ. ಅವನ ಸಿ.ಡಿ.ಯೂ ಅಪ್ಪನ ಸಿ.ಡಿ.ಗಳೂ ಒಂದೇ ಬ್ಯಾಂಡಿನವು; ಆ ಬ್ಯಾಂಡಿನ ವಿಷಯವನ್ನು ಅರೆದು ಕುಡಿದವನು. ಐದು ನಿಮಿಷದ ಹಾಡನ್ನು ವೇದಿಕೆಯ ಮೇಲೆ ಮುಕ್ಕಾಲು ಗಂಟೆ ಎಳೆಯುತ್ತಿದ್ದ, ಒಮ್ಮೆ ನುಡಿಸಿದಂತೆ ಇನ್ನೊಮ್ಮೆ ನುಡಿಸದ ತಂಡ ಅದು. ಅವರ ಹರೆಯದ ಕಛೇರಿಗಳೆಂದರೆ ಅವನಿಗೆ ಪ್ರಾಣ. ನಾಲ್ಕೂ ಸಿ.ಡಿ.ಗಳ ಬೆನ್ನು ತಿರುಗಿಸಿ ನೋಡಿ ಮೂಗು ಮುರಿದ.

"ಇವೆಲ್ಲ ಅವರು ಮುದುಕರಾದ ಮೇಲೆ ಮಾಡಿದ್ದು. ಇವನ್ನ ಹಾಕಿದ್ರೆ ಬಂದವರೂ ಮಾವನ ಪಕ್ಕ ಮಲಗಿಬಿಡ್ತಾರೆ."

ಅತ್ತೆ ತಮ್ಮ ಮಗನ ಬಾಯಿ ಮುಚ್ಚಿಸಿದರು. ಸತ್ತವನು ತನ್ನ ಅಣ್ಣ, ಅವನಿಗೆ ಬೇಕಾದದ್ದೇ ಆಗಬೇಕು ಎಂದರು. ಆಮೇಲೆ ಮಗಳ ಕಡೆ ತಿರುಗಿದರು. "ಯಾವುದೋ ಒಂದು ಹಾಡು ನಿನಗೂ ತುಂಬಾ ಇಷ್ಟ ಅಂತ ಕಂಡಕಂಡವರ ಹತ್ರ ಹೇಳ್ಕೊಂಡು ತಿರುಗ್ತಿದ್ದ. ಅದನ್ನೇ ಹಾಕಮ್ಮ."

ಮಗಳು ಸಿ.ಡಿ.ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ನಾಲ್ಕು ಸಿ.ಡಿ.ಗಳಲ್ಲಿ ಮೂವತ್ತಾರು ಹಾಡುಗಳಿದ್ದವು. ಅದು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.

*

ಮೂರು ವರ್ಷದ ಹಿಂದೆ, ಒಂದು ಭಾನುವಾರ ಅಪ್ಪನ ಫೋನ್ ಬಂದಿತ್ತು. ಅಪ್ಪನದು ಎರಡು ನಿಮಿಷದ ಫೋನು: ಆರೋಗ್ಯವಾ, ಮಳೆಯಾ, ಆಮೇಲೆ ಇಬ್ಬರಿಗೂ ಮಾತು ಸಿಗದೆ ಒಂದು ಕೆಮ್ಮು, ಸರಿ ಹಾಗಾದ್ರೆ. ಅಂದು ಮಾತ್ರ ಅಪ್ಪ ಸಂಕೋಚಪಡುತ್ತಾ, ಒಂದು ಹಾಡು ಕೇಳಿಸುತ್ತೇನೆ, ಇಡಬೇಡ ಎಂದರು.

ಒಡೆದ ಗಂಟಲಿನ ಮುದುಕನೊಬ್ಬ ಹಾಡತೊಡಗಿದ. ಗಿಟಾರು ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದ ಹಾಗಿತ್ತು. ಅರ್ಧ ನಿಮಿಷ ಕೇಳಿ, ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅವಳು ತನ್ನ ಕೆಲಸಕ್ಕೆ ಹೊರಳಿದಳು. ನೆನಪಾಗಿ ಮತ್ತೆ ಕಿವಿಗಿಟ್ಟಾಗ ಹಾಡು ನಿಂತಿತ್ತು.

"ಹೇಗಿತ್ತು?"

"ತುಂಬಾ ಚೆನ್ನಾಗಿತ್ತಪ್ಪ."

ಊಟ ಆಯ್ತು ಎನ್ನುವಷ್ಟು ಸಲೀಸಾಗಿ ಆ ಸುಳ್ಳು ಬಾಯಿಗೆ ಬಂದಿತ್ತು. ಅಪ್ಪ ಅದನ್ನು ಊರಿಗೆಲ್ಲ ಹಂಚಿದರು. ಅದಾದ ಮೇಲೆ ಯಾವ ಹಾಡಪ್ಪ ಅದು ಎಂದು ಕೇಳಲು ಅವಳಿಗೆ ಮುಖವಿರಲಿಲ್ಲ.

*

ಆರಿಸಿಕೊಂಡು ಬರುತ್ತೇನೆಂದು ನೆಪ ಹೇಳಿ ಸಿ.ಡಿ.ಗಳನ್ನು ಎತ್ತಿಕೊಂಡು ಜಗಲಿಗೆ ಬಂದಳು. ಅಲ್ಲಿ ಮೇಣದ ಮಾಮ ಒಬ್ಬರೇ ನಿಂತಿದ್ದರು. ಅಪ್ಪ ಮತ್ತು ಅವರು ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ ಹಲ್ಲಿನ ಸೆಟ್ ಮಾಡಿದವರು. ಅಪ್ಪ ಅಚ್ಚು ಎರೆದು ಕೊಟ್ಟರೆ ಇವರು ಅದರ ಮೇಲೆ ಮೇಣ ಕಟ್ಟಿ ಹಲ್ಲು ಕೂರಿಸುವುದು, ಕೊನೆಗೆ ಅಪ್ಪ ಪಾಲಿಶ್ ಹಾಕುವುದು. ಊರಿನ ಅರ್ಧ ಬಾಯಿಗಳಿಗೆ ಹಲ್ಲು ಹೋದದ್ದು ಅವರ ಕೈಯಿಂದಲೇ. ಆ ಬಾಯಿಗಳಲ್ಲಿ ಒಂದೂ ಇವತ್ತು ಬಂದಿರಲಿಲ್ಲ. ಹಾಕಿಕೊಂಡವರಿಗೆ ಡಾಕ್ಟರ ಹೆಸರು ಗೊತ್ತಿರುತ್ತದೆ, ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ.

ಅಪ್ಪ ಅಂಥ ಸಂಗೀತದ ಹುಚ್ಚಿನವರೇನಲ್ಲ ಎಂದು ಮಾಮ ತಾವಾಗಿಯೇ ಹೇಳಿದರು. ಬ್ಯಾಂಡಿನವರ ಹೆಸರು ಕೂಡ ಸರಿಯಾಗಿ ಬರುತ್ತಿರಲಿಲ್ಲವಂತೆ. ಹಳೆಯ ಕಛೇರಿಗಳನ್ನು ಒಮ್ಮೆ ಕೆಲಸದ ಹೊತ್ತಿನಲ್ಲಿ ಹಾಕಿ, ಇವರಿಗೆ ಏನೋ ಅವಸರ, ನನ್ನ ಕೈ ನಡುಗುತ್ತೆ ಎಂದು ತೆಗೆದುಬಿಟ್ಟರಂತೆ. ಮುದುಕರಾದ ಮೇಲಿನವೇ ಸರಿ, ಈಗ ಒಬ್ಬರಿಗೊಬ್ಬರು ಕಾಯುತ್ತಾರೆ ಎನ್ನುತ್ತಿದ್ದರಂತೆ.

ಇನ್ನು ಅವಳಿಗೆ ತಡೆಯಲಾಗಲಿಲ್ಲ. "ಮಾಮ, ನಾನು ಆವತ್ತು ಕೇಳಲೇ ಇಲ್ಲ. ಸುಮ್ಮನೆ ಚೆನ್ನಾಗಿತ್ತು ಅಂದೆ. ಯಾವ ಹಾಡೂಂತ ಗೊತ್ತಿಲ್ಲ ನನಗೆ."

ಮಾಮ ಅವಳ ಕೈಯಿಂದ ಸಿ.ಡಿ.ಗಳನ್ನು ತೆಗೆದುಕೊಂಡರು.

"ನೀನು ಆವತ್ತು ಪಾತ್ರೆ ತೊಳೀತಿದ್ದೆ."

ಅವಳು ತಲೆಯೆತ್ತಿದಳು.

"ಫೋನಲ್ಲಿ ಎಲ್ಲಾ ಕೇಳಿಸ್ತಿತ್ತಂತೆ. ನಲ್ಲಿ ಬಿಟ್ಟದ್ದು, ತಟ್ಟೆ ಜೋಡಿಸಿದ್ದು. ಮಾರನೇ ದಿನ ಬಂದವನೇ, 'ನನ್ನ ಮಗಳು ಸರಿಯಾಗಿ ಕೇಳಿದ್ಲು ಕಣೋ, ಕೈಯಲ್ಲಿ ಕೆಲಸ ಇಟ್ಕೊಂಡು' ಅಂದ. ಕೈಕಟ್ಟಿ ಕೂತು ಕೇಳೋಕೆ ಇದೇನು ಭಾಷಣವಾ ಅಂತಿದ್ದ."

ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಖುಷಿಪಟ್ಟಿದ್ದರು. ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದಿದ್ದ ಅಳು.

ಮಾಮ ಮೂರನೆಯ ಸಿ.ಡಿ. ಆರಿಸಿ ಕೊಟ್ಟರು. ಅದರಲ್ಲಿ ಐದನೆಯದು. "ಪ್ಲಾಸ್ಟರ್ ಹಾಡು ಅಂತಿದ್ವಿ ನಾವು. ಅಚ್ಚಿಗೆ ಪ್ಲಾಸ್ಟರ್ ಸುರಿದು ಇದನ್ನ ಹಾಕಿದ್ರೆ, ಮುಗಿಯೋ ಹೊತ್ತಿಗೆ ಅದು ಗಟ್ಟಿ ಹಿಡೀತಿತ್ತು."

*

ಹಾಡು ಶುರುವಾಯಿತು. ಒಂಬತ್ತು ಮಂದಿಯೂ ಕೈಕಟ್ಟಿ ಕೂತರು. ಮಗಳು ಮೊದಲ ಸಾಲಿನಲ್ಲಿ ಕೂತು ಮೈಯೆಲ್ಲ ಕಿವಿಯಾಗಿ ಕೇಳಿದಳು. ಏನೂ ಒಳಗಿಳಿಯಲಿಲ್ಲ. ಭಾವ ಗಡಿಯಾರ ನೋಡಿಕೊಂಡ. ಇಷ್ಟು ಜನರ ನಡುವೆ ಅಪ್ಪನೂ ತಾನೂ ಬೇರೆ ಬೇರೆಯಾಗಿ ಒಂಟಿಯಾಗಿಬಿಟ್ಟೆವೆಂದು ಅವಳಿಗೆ ಅನ್ನಿಸಿತು.

ಹೊತ್ತು ಮೀರುತ್ತಿತ್ತು. ಮುಂದಿನ ಶವದ ಮನೆಯವರು ಬರುವ ಮೊದಲು ನೆಲ ಒರೆಸಬೇಕಾಗಿದ್ದ ಕಾವಲಿನವನು ಹಿಂದಿನ ಸಾಲಿನಿಂದ ಖಾಲಿ ಕುರ್ಚಿಗಳನ್ನು ಮಡಚತೊಡಗಿದ. ಕಬ್ಬಿಣದ ಕುರ್ಚಿಗಳು ಠಣಾರೆಂದವು. ಅತ್ತೆ ಹಿಂದೆ ತಿರುಗಿ ಕಣ್ಣು ಕೆಕ್ಕರಿಸಿದರು. ಅವನನ್ನು ತಡೆಯಲು ಭಾವ ಅರ್ಧ ಎದ್ದ.

ಅವನಿಗಿಂತ ಮೊದಲು ಮಗಳು ಎದ್ದಳು. ಹಿಂದಿನ ಸಾಲಿಗೆ ಹೋಗಿ ಒಂದು ಕುರ್ಚಿ ಮಡಚಿ ಗೋಡೆಗೆ ಒರಗಿಸಿದಳು. ಇನ್ನೊಂದು. ಮತ್ತೊಂದು. ಅತ್ತೆ ಬೆಪ್ಪಾಗಿ ನೋಡಿದರು. ಏಳನೆಯದೋ ಎಂಟನೆಯದೋ ಕುರ್ಚಿಯ ಹೊತ್ತಿಗೆ ಗಿಟಾರು ತಡೆದು ನಿಂತದ್ದು ಅವಳಿಗೆ ಕೇಳಿಸಿತು, ಮುದುಕ ಉಸಿರು ಎಳೆದುಕೊಂಡದ್ದು ಕೇಳಿಸಿತು, ಅವನು ಸಾವರಿಸಿಕೊಳ್ಳುವ ತನಕ ಡ್ರಮ್ಮು ಸಣ್ಣಗೆ ಜೊತೆಗೆ ನಡೆದದ್ದೂ ಕೇಳಿಸಿತು.

ಒಂದೊಂದೇ ಸಾಲು ಬರಿದಾಯಿತು. ಖಾಲಿ ಕುರ್ಚಿಗಳೆಲ್ಲ ಮುಗಿದವು. ಹಾಡು ಇನ್ನೂ ಇತ್ತು. ಮಗಳು ಒಂದು ಕ್ಷಣ ಬರಿಗೈಯಲ್ಲಿ ನಿಂತಳು. ಆಮೇಲೆ ಗೋಡೆಗೆ ಒರಗಿಸಿದ್ದ ಒಂದು ಕುರ್ಚಿಯನ್ನು ಎಳೆದುಕೊಂಡು, ಬಿಡಿಸಿ, ಅದರ ಜಾಗದಲ್ಲೇ ಮತ್ತೆ ಇಟ್ಟಳು.