ಎಡಗಾಲಿನ ಪೆಡಲು

೨೦೨೬ನೆಯ ಇಸವಿ ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷ, ಟ್ರಕ್ಕಿನ ಬಾಗಿಲ ಹಸಿರು ಬೆರಳಿಗೆ ಅಂಟಲಿಲ್ಲ, ಒಣಗಿದೆ, ಮಂಕು ಹಸಿರು, ಹೊಳೆದರೆ ಅದು ಮದುವೆ ಕಾರು, ಮಿಲಿಟರಿ ಟ್ರಕ್ಕಲ್ಲ — ಹೊಸ್ತಿಲ ಬಳಿ ಜೋಡಿ ಚಪ್ಪಲಿ, ಎಡಗಾಲಿನದು ಎತ್ತರ, ಅದು ಆಮೇಲೆ, ಮೊದಲು ಬಣ್ಣ — ಬಾಗಿಲ ಒಳಮಡಿಕೆಯಲ್ಲಿ ಉಳಿದಿದ್ದ ಹಳೇ ಬಣ್ಣದ ಚೂರನ್ನು ಮುಂದಿಟ್ಟುಕೊಂಡು ಅವಳು ಏಳು ಸಲ ಬೆರೆಸಿದ್ದಳು, ಗ್ಯಾರೇಜಿನ ಮೇಸ್ತ್ರಿಗೆ ಮೂರನೆಯದೇ ಸಾಕಾಗಿತ್ತು, ಏನ್ ಮೇಡಂ, ಬಣ್ಣಕ್ಕೂ ಪರೀಕ್ಷೆ ಇಡ್ತೀರಾ ಅಂದಿದ್ದ, ಇಡುತ್ತಾಳೆ, ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವಳು ಇನ್ನೇನು ಇಟ್ಟಾಳು. ಹತ್ತಕ್ಕೆ ಹಳೇ ವಾಹನಗಳ ಸಂಘದಿಂದ ತಪಾಸಣೆಯವರು ಬರುತ್ತಾರೆ, ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಇದೆ ಅಂತ ಬರೆದುಕೊಡಬೇಕು, ಕೊಡುತ್ತಾರೆ, ಮೂರು ವರ್ಷದ ಕೆಲಸ, ಬೋಲ್ಟಿನ ತಲೆ ಸರಿ, ವೈರಿನ ಬಟ್ಟೆಹೊದಿಕೆ ಸರಿ, ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನ ಇದ್ದದ್ದು ಅಣ್ಣನಿಗೆ, ಅದೂ ಬೇರೆಯದು — ಅಪ್ಪ ಮಿಲಿಟರೀಲಿ ಓಡಿಸಿದ್ದು ಇದನ್ನೇ ಅಂತ ಯಾರ್ ಹೇಳಿದ್ರು ನಿಂಗೆ, ಇಂಥವು ಸಾವಿರ ಇದ್ವು, ಹರಾಜಲ್ಲಿ ಸಿಕ್ಕಿದ ತಗಡಿಗೆಲ್ಲ ಅಪ್ಪನ ಹೆಸರಿಡಬೇಡ ತಾಯಿ — ನಂಬರು ಅಳಿಸಿತ್ತು, ಓಡಿಸಿದವರ ಹೆಸರು ಬರೆದಿಡುವ ಪುಸ್ತಕ ಕಳೆದಿತ್ತು.

ಉತ್ತರ ಮೂರು ವರ್ಷದಿಂದ ಡಬ್ಬಿಯಲ್ಲಿತ್ತು, ‘ಕಾರ್ಖಾನೆಯದ್ದಲ್ಲ’ ಅಂತ ಅವಳೇ ಚೀಟಿ ಅಂಟಿಸಿದ ಡಬ್ಬಿ, ಕ್ಲಚ್ ಪೆಡಲಿಗೆ ಕಂಬಿ ಸುತ್ತಿ ಕಟ್ಟಿದ್ದ ಗ್ರೀಸು ಮೆತ್ತಿದ ಮುದ್ದೆ, ಮೊದಲ ವಾರವೇ ಕಿತ್ತದ್ದು, ಯಾವನೋ ಕುಳ್ಳ ಓಡಿಸಿರ್ಬೇಕು ಅಂದಿದ್ದ ಮೇಸ್ತ್ರಿ, ಅವಳೂ ನಕ್ಕಿದ್ದಳು, ನಕ್ಕಿದ್ದಳಲ್ಲ — ನಿನ್ನೆ ಸಂಜೆ ಡಬ್ಬಿ ಬರಿದುಮಾಡುವಾಗ ಸೀಮೆಎಣ್ಣೆಯಲ್ಲಿ ತೊಳೆದರೆ ಟೈರಿನ ರಬ್ಬರು, ಎರಡು ಪದರ, ಮೂರು ತಾಮ್ರದ ಮೊಳೆ, ತ್ರಿಕೋನದಲ್ಲಿ. ಅಪ್ಪ ಹೋದಮೇಲೂ ಹೊಸ್ತಿಲ ಬಳಿಯೇ ಉಳಿದ ಎಡಚಪ್ಪಲಿಯ ಅಟ್ಟೆಗೂ ಹಾಗೇ ಮೂರು, ಅಪ್ಪನೇ ಟೈರು ಕೊಯ್ದು ಹೊಡೆದದ್ದು, ಮುರಿದು ಕೂಡಿದ ಎಡಗಾಲು ಗಿಡ್ಡವಾಗಿತ್ತು, ಬೂಟು ಹಾಕಿದರೆ ಕ್ಲಚ್ಚಿಗೆ ಎಟುಕುತ್ತಿರಲಿಲ್ಲ, ಡಾಕ್ಟರ ಮುಂದೆ ಉಸಿರು ಬಿಗಿಹಿಡಿದು ನೆಟ್ಟಗೆ ನಿಂತು ಪಾಸಾಗುತ್ತಿದ್ದ ಅಪ್ಪ, ಹೊರಗೆಲ್ಲೂ ಬಾಯಿ ಬಿಡಬೇಡ ಮಗಳೇ, ಗೊತ್ತಾದ್ರೆ ಸ್ಟೀರಿಂಗ್ ಕಿತ್ಕೊಂಡು ಅಡುಗೆಮನೇಲಿ ಸೌಟು ಕೊಡ್ತಾರೆ, ಅವಳು ಬಾಯಿ ಬಿಡಲಿಲ್ಲ. ಚಪ್ಪಲಿಯ ಅಟ್ಟೆ ಅಳೆದಳು, ತುಂಡು ಅಳೆದಳು, ಫೋನಿನಲ್ಲಿ ಅಣ್ಣ ಇನ್ನೊಂದ್ ಸಲ ಅಳೆ ಅಂದ, ಅಳೆದಳು, ಎರಡೂ ಒಂದೇ ದಪ್ಪ, ನಾಳೆ ಹತ್ತಕ್ಕಾ, ನಾನೂ ಬರ್ತೀನಿ ಅಂದ.

ಈಗ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾನೆ, ಮೇಡಂ, ಆ ರಬ್ಬರ್ ಕಟ್ಟಿದ್ರೆ ಸಂಘದ ಪತ್ರ ಕೈತಪ್ಪಿದ ಹಾಗೇ, ಅವರು ಬಂದು ಹೋಗೋವರೆಗೂ ಜೇಬಲ್ಲಿಟ್ಕೊಳ್ಳಿ, ಯಾರಿಗ್ ಗೊತ್ತಾಗತ್ತೆ — ಯಾರಿಗೂ ಗೊತ್ತಾಗುವುದಿಲ್ಲ, ತಪಾಸಣೆಗೆ ಬಂದವರಿಂದ ಮುಚ್ಚಿಡುವುದು ಈ ಮನೆಗೆ ಹೊಸದೂ ಅಲ್ಲ, ಒಂದು ಆಯುಷ್ಯಪೂರ್ತಿ ಮುಚ್ಚಿಟ್ಟದ್ದಾಯಿತು, ಸಾಕು, ಕಂಬಿ ಕೊಡಪ್ಪ, ಮೂರು ಸುತ್ತು, ಗಂಟು ಒಳಗಡೆಗೆ, ಅಪ್ಪ ಹಾಕಿದ ಹಾಗೆ, ಒತ್ತಿದರೆ ಪೆಡಲು ಮೆತ್ತಗೆ ಇಳಿಯಿತು. ಫಾರಮ್ಮಿನ ಕೊನೇ ಕಲಂ, ಕಾರ್ಖಾನೆಯದ್ದಲ್ಲದ ಭಾಗ ಇದ್ದರೆ ಬರೆಯಿರಿ, ‘ಇಲ್ಲ’ ಅಂತ ಮೊನ್ನೆಯೇ ಬರೆದಿದ್ದಳು, ಹೊಡೆದುಹಾಕಿದಳು, ಒಂದು ಇದೆ, ಕ್ಲಚ್ ಪೆಡಲಿನ ಮೇಲೆ, ಟೈರಿನ ರಬ್ಬರು, ಚಾಲಕರು ಸ್ವತಃ ಮಾಡಿಕೊಂಡದ್ದು, ದಪ್ಪ — ಹೊಸ್ತಿಲ ಬಳಿ ಜೋಡಿ ಚಪ್ಪಲಿ, ಎಡಗಾಲಿನದು ಎತ್ತರ, ಎಡಗಾಲಿನದು — ದಪ್ಪ ಇಪ್ಪತ್ತೆರಡು ಮಿಲಿಮೀಟರ್.